ಕೋರ್ಸ್ ಆರಿಸುವ ಮುಂಚೆ ಕೆಲಸವನ್ನೊಮ್ಮೆ ನೋಡಿ ಬರಲಿ

ಹದಿನೈದು ಹದಿನಾರರ ಮಕ್ಕಳು ಸಿಕ್ಕರೆ ನಾವೆಲ್ಲ ಕೇಳುವುದು ಒಂದೇ ಪ್ರಶ್ನೆ: "ಮುಂದೆ ಏನು ಓದ್ತೀಯ?" ಯಾವ ಕೆಲಸ ಮಾಡಬೇಕು ಅಂತಿದ್ದೀಯ ಎಂದು ಕೇಳುವವರು ಕಡಿಮೆ. ಆ ಕೆಲಸವನ್ನು ಹತ್ತಿರದಿಂದ ನೋಡಿದ್ದೀಯಾ ಎಂದು ಕೇಳುವವರಂತೂ ಇಲ್ಲವೇ ಇಲ್ಲ.

ನಮ್ಮಕ್ಕನ ಮಗಳಿಗೆ ಈಗ ಹದಿನೈದು. ಚಿಕ್ಕವಳಿದ್ದಾಗಿಂದ ಪ್ರಾಣಿಗಳ ಡಾಕ್ಟರ್ ಆಗುತ್ತೇನೆ ಎನ್ನುತ್ತಿದ್ದಳು. ನಾಯಿ ಕಂಡರೆ ಅಷ್ಟು ಜೀವ. ಪರಿಚಯದ ಪಶುವೈದ್ಯರೊಬ್ಬರನ್ನು ಕೇಳಿಕೊಂಡೆ, ನಾಲ್ಕು ದಿನ ನಿಮ್ಮ ಕ್ಲಿನಿಕ್ಕಿನ ಮೂಲೆಯಲ್ಲಿ ನಿಂತು ನೋಡಲಿ ಅಂತ. ಅವರು ಒಪ್ಪಿದರು. ಎರಡನೇ ದಿನ ಸಂಜೆ ಬಂದು ಹೇಳಿದಳು, "ಚಿಕ್ಕಮ್ಮ, ಅಲ್ಲಿ ನಾಯಿಗಿಂತ ನಾಯಿ ಸಾಕಿದವರ ಹತ್ತಿರ ಮಾತಾಡೋದೇ ಜಾಸ್ತಿ." ನಾಯಿ ಇನ್ನು ಉಳಿಯುವುದಿಲ್ಲ ಎಂದು ಅವರಿಗೆ ಹೇಳಬೇಕು. ಅಳುವವರನ್ನು ಸಮಾಧಾನ ಮಾಡಬೇಕು. ದುಡ್ಡಿನ ಮಾತೂ ಆಡಬೇಕು. ಇದ್ಯಾವುದೂ ಅವಳ ಕನಸಿನಲ್ಲಿ ಇರಲಿಲ್ಲ.

ಮೂರನೇ ದಿನ ಒಳಗಿನ ಕೋಣೆಯಲ್ಲಿ ರಕ್ತ ಪರೀಕ್ಷೆ ಮಾಡುವವರ ಪಕ್ಕ ನಿಂತಿದ್ದಳು. ಗಾಜಿನ ಸ್ಲೈಡ್ ಮೇಲೆ ಒಂದೇ ಒಂದು ಹನಿ ರಕ್ತ. ಇನ್ನೊಂದು ಸ್ಲೈಡನ್ನು ಓರೆಯಾಗಿ ಹಿಡಿದು ಒಂದೇ ಸಲಕ್ಕೆ ಮುಂದೆ ಎಳೆಯಬೇಕು. ಪದರ ದಪ್ಪವಾದರೆ ಕಣಗಳು ಒಂದರ ಮೇಲೊಂದು ಬಿದ್ದು ಏನೂ ಗೊತ್ತಾಗುವುದಿಲ್ಲ. ಒಣಗಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬಿಳಿ ರಕ್ತಕಣದ ನಡುಭಾಗ ನೇರಳೆ ಬಣ್ಣದಲ್ಲಿ ಕಾಣುತ್ತದೆ. ಅವತ್ತು ರಾತ್ರಿ, ಅವರು ಕೊಟ್ಟ ಎರಡು ಸ್ಲೈಡ್ ಇಟ್ಟುಕೊಂಡು, ಕೆಂಪು ಬಣ್ಣದ ನೀರಿನಲ್ಲಿ ಹನ್ನೊಂದರವರೆಗೂ ಎಳೆದಿದ್ದೇ ಎಳೆದಿದ್ದು. ಇಂಥದ್ದೊಂದು ಕೆಲಸ ಇದೆ, ಅದಕ್ಕೆ ಬೇರೆಯೇ ಓದು ಇದೆ ಅನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ.

ಗೊತ್ತಿಲ್ಲದ್ದನ್ನು ಮಕ್ಕಳು ಬಯಸುವುದಾದರೂ ಹೇಗೆ? ಹಲವು ದೇಶಗಳು ಸೇರಿ ಕಟ್ಟಿಕೊಂಡ ಆರ್ಥಿಕ ಸಹಕಾರ ಸಂಸ್ಥೆ ಒಇಸಿಡಿ 2020ರಲ್ಲಿ ಒಂದು ವರದಿ ತಂದಿತ್ತು. 30 ವರ್ಷಕ್ಕೆ ಏನಾಗಿರುತ್ತೀರಿ ಅಂತ 15 ವರ್ಷದ ಮಕ್ಕಳನ್ನು ಕೇಳಿದ್ದರು. 41 ದೇಶಗಳಲ್ಲಿ ಹುಡುಗರಲ್ಲಿ ಶೇ 47, ಹುಡುಗಿಯರಲ್ಲಿ ಶೇ 53ರಷ್ಟು ಮಂದಿ ಹೇಳಿದ್ದು ಬರೀ ಹತ್ತು ಕೆಲಸಗಳಲ್ಲಿ ಒಂದರ ಹೆಸರನ್ನು. 2000ದಲ್ಲಿ ಕೇಳಿದಾಗ ಇಷ್ಟು ಮಂದಿ ಇರಲಿಲ್ಲ. ಇಂಟರ್ನೆಟ್ ಕೈಗೆ ಬಂದ ಮೇಲೆ ಆಯ್ಕೆ ಇನ್ನೂ ಕಿರಿದಾಗಿದೆ ಅಂದರೆ ಬೇಜಾರಾಗುತ್ತದೆ ಅಲ್ವಾ?

ಸ್ವಿಟ್ಜರ್ಲೆಂಡಿನಲ್ಲಿ ಇದಕ್ಕೊಂದು ಪದ್ಧತಿಯೇ ಇದೆ, ಶ್ನುಪ್ಪರ್‌ಲೇರೆ ಅಂತ. ಮೂಸಿ ನೋಡುವುದು ಅನ್ನುವ ಅರ್ಥದ ಮಾತಿನಿಂದ ಬಂದ ಹೆಸರು. ಶಾಲೆ ಮುಗಿಯುವ ಮುಂಚೆಯೇ ಮಕ್ಕಳು ಕೆಲವು ದಿನ ನಿಜವಾದ ಕೆಲಸದ ಜಾಗಕ್ಕೆ ಹೋಗಿ ನೋಡುತ್ತಾರೆ. ಅಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮಕ್ಕಳು ಮುಂದೆ ವೃತ್ತಿ ತರಬೇತಿಯನ್ನೇ ಹಿಡಿಯುತ್ತಾರೆ. ಅದನ್ನು ಯಾರೂ ಸೋಲು ಅಂದುಕೊಳ್ಳುವುದಿಲ್ಲ.

ನನಗೆ 17 ಇದ್ದಾಗ ಒಂದು ಕಡೆ ಆಸಕ್ತಿ ಪರೀಕ್ಷೆ ಮಾಡಿಸಿದ್ದರು. ನಿಮಗೆ ಇದು ಸರಿಹೋಗುತ್ತದೆ ಅಂತ ಒಂದು ಹಾಳೆ ಕೊಟ್ಟರು, ನಾನು ಅದನ್ನೇ ನಂಬಿ ಓದಿದೆ. ಪರೀಕ್ಷೆಯನ್ನು ದೂರುವುದಿಲ್ಲ. ಇಂಥ ಎಷ್ಟೋ ಪರೀಕ್ಷೆಗಳ ಬೇರು, ಸ್ವಭಾವಕ್ಕೆ ಹೊಂದುವ ಕೆಲಸ ಆರಿಸಬೇಕು ಅಂತ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮುಂದಿಟ್ಟ ವಿಚಾರದಲ್ಲಿದೆ, ಅದರಲ್ಲಿ ಹುರುಳಿದೆ. ಆದರೆ ಆ ಕೆಲಸದಲ್ಲಿ ಒಂದು ಸಾಮಾನ್ಯ ದಿನ ಹೇಗಿರುತ್ತದೆ ಅಂತ ಹಾಳೆ ಹೇಳುವುದಿಲ್ಲ. ನನಗೆ ಅದು ಗೊತ್ತಾಗಿದ್ದು ಓದು ಮುಗಿದ ಮೇಲೆ.

ಕೆಲಸ ನೋಡಿದ ಮೇಲೆ ಹಿಂದಕ್ಕೆ ಲೆಕ್ಕ ಹಾಕುತ್ತಾ ಬರಬೇಕು. ಪೈಲಟ್ ಆಗಬೇಕೆನ್ನುವ ಮಗುವನ್ನೇ ತೊಗೊಳ್ಳಿ. ಸಂಬಳಕ್ಕೆ ವಿಮಾನ ಹಾರಿಸುವ ಲೈಸೆನ್ಸಿಗೆ ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಕನಿಷ್ಠ 18 ವರ್ಷ ಆಗಿರಬೇಕು. 200 ಗಂಟೆ ಹಾರಾಟ ಆಗಿರಬೇಕು, ಮಾನ್ಯತೆ ಪಡೆದ ಕೋರ್ಸಾದರೆ 150. ಕಣ್ಣಿನ ತಪಾಸಣೆ ಇದೆ, ಬಣ್ಣ ಗುರುತಿಸುವುದನ್ನೂ ನೋಡುತ್ತಾರೆ. ಹಾಗಾದರೆ ಮೊದಲ ಹೆಜ್ಜೆ ಕೋರ್ಸಿನ ಫೀಸ್ ಕಟ್ಟುವುದಲ್ಲ, ಕಣ್ಣು ತೋರಿಸುವುದು. ಅದೇ ರೀತಿ, ಗಣಿತ ಕಷ್ಟ ಅಂತ ಸುಮ್ನೆ ಬಿಟ್ಟುಬಿಡುವ ಮುಂಚೆ ಅದರಿಂದ ಯಾವ ಯಾವ ಬಾಗಿಲು ಮುಚ್ಚುತ್ತದೆ ಅಂತ ನೋಡಿಕೊಳ್ಳಬೇಕು.

ನಮ್ಮಕ್ಕನ ಮಗಳು ಪ್ರಾಣಿಗಳ ಡಾಕ್ಟರ್ ಆಗುವ ಆಸೆಯನ್ನೇನೂ ಬಿಟ್ಟಿಲ್ಲ. ಈಗ ಎರಡು ಕೆಲಸಗಳ ಹೆಸರು ಬರೆದುಕೊಂಡಿದ್ದಾಳೆ. ಮುಂದಿನ ರಜೆಗೆ ಮನುಷ್ಯರ ರಕ್ತ ಪರೀಕ್ಷೆಯ ಲ್ಯಾಬ್ ಒಂದರಲ್ಲಿ ಎರಡು ದಿನ ನಿಲ್ಲುವುದಕ್ಕೆ ಕೇಳಿದ್ದೇವೆ, ಇನ್ನೂ ಉತ್ತರ ಬಂದಿಲ್ಲ. ಇದನ್ನು ಓದುತ್ತಿರುವವರಲ್ಲಿ ಬಡಗಿಗಳಿರಬಹುದು, ನರ್ಸ್‌ಗಳಿರಬಹುದು, ಲೆಕ್ಕಪತ್ರ ನೋಡುವವರಿರಬಹುದು. ಯಾರಾದರೂ ಮಗು ಬಂದು "ನಿಮ್ಮ ಕೆಲಸ ಎರಡು ದಿನ ನೋಡಬಹುದಾ?" ಅಂತ ಕೇಳಿದರೆ, ದಯವಿಟ್ಟು ಇಲ್ಲ ಅನ್ನಬೇಡಿ.