ಡಬ್ಬಾ ಅಂತೆ!

ಇವತ್ತು ಸಂಜೆ ರಥಬೀದಿ ಹತ್ರ ಅಳಿಯನೊಟ್ಟಿಗೆ ಗೋಳಿಬಜೆ ತಿನ್ಲಿಕ್ಕೆ ಕೂತಿದ್ದೆ. ಅವನ ಮೊಬೈಲಲ್ಲಿ ಸೂರ್ಯಕಿರಣ್, ಅಂದರೆ ನಮ್ಮ ವಾಯುಪಡೆಯ ಆಕಾಶ ಕಸರತ್ತಿನ ತಂಡದ ಹಳೇ ವಿಡಿಯೋ. ಕೆಂಪು-ಬಿಳಿ ಕಿರಣ್ ವಿಮಾನಗಳು ಒಂಬತ್ತಕ್ಕೆ ಒಂಬತ್ತೂ ಒಟ್ಟಿಗೇ ಮಗುಚುತ್ತಾ ಉಂಟು. ಕೈಯಲ್ಲಿದ್ದ ಬಜೆ ಬಾಯಿಗೆ ಹೋಗದೆ ಅಲ್ಲೇ ನಿಂತಿತು. ಆಗ ಹೇಳ್ತಾನೆ ಮಹಾರಾಯ, "ಮಾವ, ನೀವು ರಿಪೇರಿ ಮಾಡ್ತಾ ಇದ್ದದ್ದು ಈ ಡಬ್ಬಾವನ್ನಾ?"

ಬೀದರಿನ ವಾಯುಪಡೆ ನೆಲೆಯಲ್ಲಿ ಈ ಕಿರಣ್‌ಗಳ ಎಂಜಿನ್ ಫಿಟ್ಟರ್ ಆಗಿ ನಾನು ಮಸಿ ಬಳಿದುಕೊಂಡ ಕಥೆ ಇಲ್ಲಿ ಎಲ್ಲರಿಗೂ ಗೊತ್ತು, ಪುನಃ ಹೇಳುವುದಿಲ್ಲ. (ಹೇಳದೆ ಇರ್ಲಿಕ್ಕೆ ನನ್ನಿಂದ ಆಗುವುದೂ ಇಲ್ಲ ಅಂತ ಮನೆಯವಳ ಅಭಿಪ್ರಾಯ.)

ಡಬ್ಬಾ! 1964ರಲ್ಲಿ ಮೊದಲ ಸಲ ಹಾರಿದ್ದು, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ನಮ್ಮವರೇ ಮಾಡಿದ್ದು ಮಾರಾಯ್ರೆ. ತಂಡದಲ್ಲಿ ಇದ್ದದ್ದು ಅದರ ಎರಡನೇ ಮಾದರಿ ಮಾರ್ಕ್ 2, ಅದರ ಹೊಟ್ಟೆಯಲ್ಲಿ ಆರ್ಫಿಯಸ್ ಎಂಜಿನ್. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ಜೆಟ್‌ಗಳನ್ನು ಅಟ್ಟಾಡಿಸಿದ ನಮ್ಮ ನ್ಯಾಟ್ ಯುದ್ಧವಿಮಾನದ ಎಂಜಿನ್ನೂ ಅದೇ ಕುಲ. ಒಳಗೆ ಮೇಷ್ಟ್ರು, ಶಿಷ್ಯ ಭುಜಕ್ಕೆ ಭುಜ ತಾಗಿಸಿ ಪಕ್ಕಪಕ್ಕ ಕೂರುವುದು. ಕಲಿಸ್ಲಿಕ್ಕೆ ಹುಟ್ಟಿದ ವಿಮಾನ ಅದು, ಮೆರೀಲಿಕ್ಕಲ್ಲ. ಅಂಥದ್ದರಲ್ಲಿ 1996ರಿಂದ ಆಕಾಶದಲ್ಲಿ ಆಟ ಆಡಿ ತೋರಿಸಿದರು. ಯಕ್ಷಗಾನದಲ್ಲಿ 60 ದಾಟಿದ ವೇಷಧಾರಿ ಚೆಂಡೆ ಪೆಟ್ಟಿಗೆ ಧೀಂಗಿಣ ಹಾಕಿದರೆ ಶಿಳ್ಳೆ ಹೊಡೀತೀರಿ, ಹಳೇ ವಿಮಾನ ಹಾಕಿದರೆ ಡಬ್ಬಾ?

"ಹಳತಾಯ್ತು ಅಂತಲೇ ಅಲ್ವಾ ನಿಲ್ಲಿಸಿದ್ದು?" ಅಂತ ಅವನ ಲಾಯರ್‌ಗಿರಿ. ಅಲ್ಲ. 2009ರಲ್ಲಿ ಹೊಸಬರು ಮೊದಲು ಕಲಿಯುತ್ತಿದ್ದ ಎಚ್‌ಪಿಟಿ-32 ವಿಮಾನದ ಹಾರಾಟ ನಿಂತಿತು, ಹೊಸ ಹುಡುಗರಿಗೆ ಕಲಿಸ್ಲಿಕ್ಕೆ ವಿಮಾನ ಸಾಲದೆ ಹೋಯ್ತು. ಅದಕ್ಕೇ 2011ರಲ್ಲಿ ಕಿರಣ್‌ಗಳನ್ನು ತಂಡದಿಂದ ಬಿಡಿಸಿ ಪಾಠಕ್ಕೆ ಹಾಕಿದ್ದು. ಡಬ್ಬಾದಲ್ಲಿ ಮಕ್ಕಳನ್ನು ಕೂರಿಸ್ತಾರಾ?

ಅಪಘಾತ ಆಗಿಲ್ವಾ ಅಂದರೆ, ಆಗಿದೆ. 2006ರಲ್ಲಿ ಬೀದರ್ ಹತ್ರವೇ ಇಬ್ಬರು ಹೋದರು. ಆ ದಿನದ ಬಗ್ಗೆ ನಾನು ವಾದ ಮಾಡುವುದಿಲ್ಲ. ಆದರೆ 2019ರಲ್ಲಿ ಯಲಹಂಕದಲ್ಲಿ ಒಂದಕ್ಕೊಂದು ತಾಗಿದ್ದು ತಂಡದ ಈಗಿನ ಹಾಕ್ ವಿಮಾನಗಳು. ಹಾಕ್ ಆದರೂ ಮೊದಲು ಹಾರಿದ್ದು 1974ರಲ್ಲಿ, ತೊಟ್ಟಿಲ ಮಗು ಏನಲ್ಲ. ರೆಕ್ಕೆಗೂ ರೆಕ್ಕೆಗೂ ನಡುವೆ 5 ಮೀಟರ್ ಜಾಗ ಇಟ್ಟುಕೊಂಡು ತಲೆಕೆಳಗಾಗುವಾಗ ಯಾವ ವಿಮಾನಕ್ಕೂ ಪ್ರಾಯದ ರಿಯಾಯಿತಿ ಇಲ್ಲ.

ಸತ್ಯ ಹೇಳ್ತೇನೆ, ಅದಕ್ಕೆ ನಾನೂ ಬೈದಿದ್ದೇನೆ. ರಾತ್ರಿ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಕೈ ತೂರದ ಸಂದಿಯಲ್ಲಿ ನಟ್ಟು ಬಿಗಿಯುವಾಗ ತುಳುವಿನಲ್ಲಿ ಬೈದದ್ದನ್ನು ಇಲ್ಲಿ ಬರೆದರೆ ಅಕೌಂಟ್ ಹೋದೀತು. ಅದು ಬಿಡಿ, ನಮ್ಮದನ್ನು ನಾವೇ ಬೈಯುವುದು ಬೇರೆ, ಹೊರಗಿನವರು ಬೈಯುವುದು ಬೇರೆ. 2011ರ ಏರೋ ಇಂಡಿಯಾದಲ್ಲಿ ಕಿರಣ್‌ಗಳು ಕೊನೇ ಆಟ ಮುಗಿಸಿದಾಗ ನಾನು ಕಣ್ಣೊರೆಸಿಕೊಂಡೆ. ಎಂತ ಆಯ್ತು ಅಂತ ಪಕ್ಕದವ ಕೇಳಿದ. ಡೀಸೆಲ್ ಹೊಗೆ ಅಂದೆ. ಹೊಗೆ ಇನ್ನೂ ಮೇಲೆಯೇ ಇತ್ತು.

ಆ ಹೊಗೆಯ ಗುಟ್ಟನ್ನೂ ಇವನಿಗೆ ಬಿಡಿಸಿ ಹೇಳಿದೆ. ಎಂಜಿನ್ ಹಿಂದಿನಿಂದ ನುಗ್ಗುವ ಬಿಸಿ ಗಾಳಿಗೆ ಡೀಸೆಲ್ ಬಿಡುವುದು, ಅದು ಆವಿಯಾಗಿ ಬಿಳೀ ಗೆರೆ ಎಳೆಯುವುದು.

"ಅಷ್ಟೇಯಾ?" ಅಂದ.

ಎರಡನೇ ಪ್ಲೇಟ್ ಬಜೆ ಹೇಳಿದ್ದೆ. ಬೇಡ ಅಂದೆ.