ಪಟ್ಟಿ ಸುತ್ತುವುದು ಮೀಟರ್ ಲೆಕ್ಕದಲ್ಲಿ ಸ್ವಾಮಿ!

ಮಾಲು ಬಿಗಿದು ಕಟ್ಟುವ ಪಟ್ಟಿಯ ರೇಟು ಕುದುರಿಸುವವರದು ಮೀಟಿಂಗ್‌ನಲ್ಲಿ ಇವತ್ತೂ ಅದೇ ರಾಗ. "ಸ್ಟೀಲ್ ಪಟ್ಟಿ ಕೆಜಿಗೆ ಕಮ್ಮಿ ಬೀಳುತ್ತೆ, ಪೆಟ್ ಪಟ್ಟಿ ಯಾಕ್ರೀ?" ಪೆಟ್ ಅಂದರೆ ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್. ಡಿಸ್ಪ್ಯಾಚ್‌ನಲ್ಲಿ ಇದ್ದೂ ಇದ್ದೂ ನನ್ನ ಬಾಯಿ ಹೇಗಾಗಿದೆ ಅಂತ ನಿಮಗೆ ಗೊತ್ತೇ ಇದೆ. ಮೀಟಿಂಗ್‌ನಲ್ಲಿ ಹಲ್ಲು ಕಚ್ಚಿ ಕೂತಿದ್ದೆ, ಇಲ್ಲಿ ಆಗಲ್ಲ.

ಅಲ್ಲ, ಪ್ಯಾಲೆಟ್‌ಗೆ, ಅಂದರೆ ಮಾಲು ಪೇರಿಸಿದ ಮಣೆಗೆ, ಪಟ್ಟಿಯನ್ನು ಯಾರಾದರೂ ತೂಕ ಹಾಕಿ ಸುತ್ತುತ್ತಾರಾ? 19 ಮಿಲಿಮೀಟರ್ ಅಗಲ, ಅರ್ಧ ಮಿಲಿಮೀಟರ್ ದಪ್ಪದ ಸ್ಟೀಲ್ ಪಟ್ಟಿ ಒಂದು ಕೆಜಿಗೆ ಸುಮಾರು 13 ಮೀಟರ್ ಬರುತ್ತದೆ. ಅಷ್ಟೇ ಅಗಲದ, 0.8 ಮಿಲಿಮೀಟರ್ ದಪ್ಪದ ಪೆಟ್ ಪಟ್ಟಿ 45 ಮೀಟರ್ ದಾಟುತ್ತದೆ. ಕೆಜಿ ರೇಟು ಎರಡು ಪಟ್ಟಾದರೂ ಪ್ಯಾಲೆಟ್ಟಿಗೆ ಬೀಳುವ ಖರ್ಚು ಕಮ್ಮಿಯೇ. ಇಷ್ಟು ಭಾಗಾಕಾರಕ್ಕೆ ಬಣ್ಣ ಬಣ್ಣದ ಎಕ್ಸೆಲ್ ಶೀಟು ಬೇರೆ, ಅದರಲ್ಲಿ ಎಲ್ಲ ಕಾಲಂ ಇದೆ, ಮೀಟರ್ ಕಾಲಂ ಒಂದು ಬಿಟ್ಟು.

ದುಡ್ಡು ಹಾಳಾಗಲಿ. ಬಿಗಿದ ಸ್ಟೀಲ್ ಪಟ್ಟಿ ಕತ್ತರಿಸುವಾಗ ಪಕ್ಕದಲ್ಲಿ ನಿಂತು ನೋಡಿದ್ದೀರಾ? ಟಣ್ ಅಂತ ಸದ್ದಾಗುವುದರೊಳಗೆ ತುದಿ ಚಿಮ್ಮಿರುತ್ತದೆ, ಎರಡೂ ಅಂಚು ಬ್ಲೇಡಿನ ಹಾಗೆ. ಲೋಡ್ ಇಳಿಸುವ ಹುಡುಗರಿಗೆ ಕಟರ್ ಕೊಟ್ಟಿರುವುದಿಲ್ಲ, ಅವರು ಸಿಕ್ಕಿದ ಕಬ್ಬಿಣದ ರಾಡು ತೂರಿಸಿ ಮೀಟುತ್ತಾರೆ. ನನಗೆ ಈಗಲೂ ಆ ಸದ್ದು ಕೇಳಿದರೆ ಕೈ ತಾನಾಗಿ ಕಣ್ಣಿಗೆ ಹೋಗುತ್ತದೆ. ಪೆಟ್ ಪಟ್ಟಿ ಚಿಮ್ಮುವುದೇ ಇಲ್ಲ ಅಂತಲ್ಲ, ಚಿಮ್ಮುತ್ತದೆ, ಕನ್ನಡಕ ಅದಕ್ಕೂ ಬೇಕು. ಆದರೆ ಅದು ಹಗುರ, ಅಂಚು ಅಷ್ಟು ಹರಿತ ಇರುವುದಿಲ್ಲ. ರೇಟು ಕುದುರಿಸುವವರು ಯಾವತ್ತೂ ಪಟ್ಟಿ ಕತ್ತರಿಸುವುದಿಲ್ಲ ಅಲ್ವಾ, ಅದಕ್ಕೇ ಈ ಧೈರ್ಯ.

"ಸ್ಟೀಲೇ ಗಟ್ಟಿ" ಅನ್ನುತ್ತೀರಿ. ಸರಿ, ಬಿಸಿ ಆರದ ಎರಕದ ಮಾಲು, ಚೂಪು ಅಂಚಿನ ಲೋಹದ ಕಾಯಿಲ್ ಇದ್ದರೆ ಸ್ಟೀಲೇ ಹಾಕಿ, ನಾನೇನು ಬೇಡ ಅಂದೆನಾ? ನಾವು ಕಟ್ಟುತ್ತಿರುವುದು ಮರದ ಹಲಗೆ. ಹಲಗೆ ಒಣಗಿ ಕುಗ್ಗುತ್ತದೆ, ಲಾರಿ ಕುಲುಕಿದಾಗ ಕೂರುತ್ತದೆ. ಸ್ಟೀಲ್ ಪಟ್ಟಿ ಹಿಗ್ಗಿ ಕುಗ್ಗುವುದು ತೀರಾ ಕಮ್ಮಿ, ಹಾಗಾಗಿ ಸುಮ್ನೆ ಸಡಿಲವಾಗಿ ನೇತಾಡುತ್ತದೆ, ಮೇಲಿಂದ ತುಕ್ಕಿನ ಕಲೆ ಉಚಿತ. ಪೆಟ್ ಪಟ್ಟಿ ಎಳೆದಾಗ ಸ್ವಲ್ಪ ಹಿಗ್ಗಿರುತ್ತದೆ, ಲೋಡು ಕುಗ್ಗಿದಂತೆ ಹಿಂದೆ ಸರಿದು ಹಿಡಿದುಕೊಳ್ಳುತ್ತದೆ. ಗಟ್ಟಿ ಅಂದರೆ ಇನ್ನೇನು ಬೇಕು?

ಇನ್ನೊಬ್ಬ ಮಹಾಶಯರು, "ಹಾಗಾದರೆ ಪಿಪಿ ಪಟ್ಟಿ ಹಾಕೋಣ, ಅದು ಇನ್ನೂ ಚೀಪು" ಅಂದರು. ಪಿಪಿ ಅಂದರೆ ಪಾಲಿಪ್ರೊಪಿಲೀನ್, ಇನ್ನೊಂದು ಬಗೆಯ ಪ್ಲಾಸ್ಟಿಕ್. ಅದು ರಟ್ಟಿನ ಡಬ್ಬಿಗೆ ಸರಿ ಸಾರ್. ಭಾರದ ಮಾಲಿಗೆ ಹಾಕಿದರೆ ಬಿಗಿ ಬೇಗ ಇಳಿಯುತ್ತದೆ.

ಇನ್ನು ಮುಂದೆ ಮೀಟರ್ ರೇಟು ಬರೆಯದ ಕೊಟೇಶನ್ ನನ್ನ ಟೇಬಲ್ಲಿಗೆ ಬಂದರೆ ವಾಪಸ್. ಪಟ್ಟಿಯ ತುದಿ ಕೂಡಿಸುವ ಸೀಲಿನ ಖರ್ಚು, ಬಿಗಿಯುವ ಟೂಲಿನ ಖರ್ಚು, ಕಟರ್, ಕನ್ನಡಕ ಎಲ್ಲ ಅದರಲ್ಲೇ ಸೇರಿಸಿ ಕಳಿಸಿ, ಆಮೇಲೆ ಯಾವುದು ಚೀಪು ಅಂತ ಮಾತಾಡೋಣ.