ಮುಗಿಸುವ ಮನಸ್ಸಿಲ್ಲದಿದ್ದರೆ ಶುರು ಯಾಕೆ ಮಾಡುತ್ತೀರಿ?

ಮತ್ತೆ ಅದೇ ಆಯಿತು. ಎರಡು ವರ್ಷದಿಂದ ಕಾಯುತ್ತಿದ್ದ ಸೈನ್ಸ್ ಫಿಕ್ಷನ್ ಸೀರೀಸ್‌ಗೆ ಮುಂದಿನ ಸೀಸನ್ ಇಲ್ಲವಂತೆ. ಎರಡು ಸಾಲಿನ ಸುದ್ದಿ, ಅಷ್ಟೇ. ನಾಯಕಿ ಬಾಗಿಲಿನ ಮೇಲೆ ಕೈ ಇಟ್ಟು ನಿಂತಿದ್ದಾಳೆ. ಆ ಬಾಗಿಲ ಹಿಂದೆ ಏನಿತ್ತು ಅಂತ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಇದಕ್ಕಂತಲೇ ನಾಲ್ಕು ಪುಟ ಇದೆ. ಯಾರು ಯಾವ ಕಾಲದಲ್ಲಿದ್ದಾರೆ, ಯಾವ ಗಡಿಯಾರ ಎಷ್ಟು ಗಂಟೆ ತೋರಿಸುತ್ತಿತ್ತು, ಎಲ್ಲ ಬಾಣದ ಗುರುತು ಹಾಕಿ ಬರೆದಿಟ್ಟಿದ್ದೆ. ಕೊನೆಯ ಪುಟದಲ್ಲಿ ಏಳು ಪ್ರಶ್ನೆ. ಒಂದೊಂದರ ಕೆಳಗೂ ಉತ್ತರಕ್ಕೆ ಅಂತ ಜಾಗ ಬಿಟ್ಟಿದ್ದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಬೇರೆ ಥರದ ಕಥೆ ಅರ್ಧಕ್ಕೆ ನಿಂತರೂ ಬೇಜಾರಾಗುತ್ತದೆ, ನಿಜ. ಆದರೆ ಇಲ್ಲಿ ಮೊದಲ ಐದಾರು ಗಂಟೆ ನಾವು ಆ ಲೋಕದ ನಿಯಮ ಕಲಿಯುವುದರಲ್ಲೇ ಕಳೆಯುತ್ತೇವೆ. ಅರ್ಥವಾಗದಿದ್ದರೂ ಮುಂದೆ ಹೇಳುತ್ತಾರೆ ಅಂತ ನಂಬಿ ಕೂತಿರುತ್ತೇವೆ. ಉತ್ತರ ಬರದಿದ್ದರೆ ಹಿಂದೆ ನೋಡಿದ್ದೂ ಕೆಟ್ಟುಹೋಗುತ್ತದೆ. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ ಅಲ್ವಾ?

'1899' ಅನ್ನುವ ನೆಟ್‌ಫ್ಲಿಕ್ಸ್ ಸೀರೀಸ್ ನೆನಪಿದೆಯಾ? 2022ರ ನವೆಂಬರ್‌ನಲ್ಲಿ ಬಂತು. ಎಂಟು ಎಪಿಸೋಡ್. ಮೂರು ಸೀಸನ್ನಿನ ಕಥೆ ಅಂದುಕೊಂಡೇ ಶುರು ಮಾಡಿದ್ದರು. ಕೊನೆಯ ಎಪಿಸೋಡ್ ಇಡೀ ಕಥೆಯನ್ನೇ ತಲೆಕೆಳಗು ಮಾಡುತ್ತದೆ, ನಾನು ಎದ್ದು ನಿಂತುಬಿಟ್ಟಿದ್ದೆ. 2023ರ ಜನವರಿ ಶುರುವಿನಲ್ಲೇ ರದ್ದು! ಎರಡು ತಿಂಗಳೂ ತುಂಬಿರಲಿಲ್ಲ.

ಇದು ಇವತ್ತಿನ ರೋಗವೂ ಅಲ್ಲ. 2002ರಲ್ಲಿ 'ಫೈರ್‌ಫ್ಲೈ' ಅನ್ನುವ ಬಾಹ್ಯಾಕಾಶದ ಸೀರೀಸ್‌ಗೆ ಟಿವಿ ಚಾನೆಲ್‌ನವರು ಮಾಡಿದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಪಾತ್ರಗಳ ಪರಿಚಯ ಮಾಡಿಕೊಡುವ ಮೊದಲ ಎಪಿಸೋಡನ್ನೇ ಆ ವರ್ಷ ಎಲ್ಲಕ್ಕಿಂತ ಕೊನೆಗೆ ಹಾಕಿದರು. 14 ಎಪಿಸೋಡ್ ತಯಾರಾಗಿತ್ತು, ಹಾಕಿದ್ದು 11. ಹಾಗೆ ಹಿಂದುಮುಂದು ಮಾಡಿ ತೋರಿಸಿ, ಆಮೇಲೆ ನೋಡುವವರಿಲ್ಲ ಅಂದರೆ ತಪ್ಪು ಯಾರದು?

ಇದರ ಫಲ ಏನಾಯಿತು ಗೊತ್ತಾ? ಈಗ ಹೊಸದು ಏನೇ ಬಂದರೂ ಗೆಳೆಯರು 'ಪೂರ್ತಿ ಮುಗಿಯಲಿ, ಆಮೇಲೆ ನೋಡೋಣ' ಅನ್ನುತ್ತಾರೆ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಅವರು ಕಾದರೆ ಮೊದಲ ವಾರ ನೋಡಿದವರ ಲೆಕ್ಕ ಕಮ್ಮಿ ಆಗುತ್ತದೆ. ಲೆಕ್ಕ ಕಮ್ಮಿ ಆದರೆ ಸೀರೀಸ್ ಹಾಕುವವರು ನಿಲ್ಲಿಸುತ್ತಾರೆ. ನಿಲ್ಲಿಸಿದ್ದಕ್ಕೆ ಮುಂದಿನ ಸಲ ಇನ್ನೂ ಜಾಸ್ತಿ ಜನ ಕಾಯುತ್ತಾರೆ. ನಂಬಿಕೆ ಕೆಡಿಸಿದ್ದು ನಿಲ್ಲಿಸಿದವರು, ಶಿಕ್ಷೆ ಮಾತ್ರ ಕಥೆಗೆ.

ಬಿಟ್ಟುಬಿಡೋಣ ಅಂದರೆ ಅದೂ ಆಗುವುದಿಲ್ಲ. 'ದಿ ಎಕ್ಸ್‌ಪಾನ್ಸ್' ಅನ್ನುವ ಬಾಹ್ಯಾಕಾಶದ ಸೀರೀಸ್ ನೋಡಿದವರಿಗೆ ಗೊತ್ತು. ತಿರುಗುವ ಬಾಹ್ಯಾಕಾಶ ನಿಲ್ದಾಣದಲ್ಲಿ ಒಬ್ಬ ಗ್ಲಾಸಿಗೆ ಪಾನೀಯ ಸುರಿಯುತ್ತಾನೆ, ನಿಲ್ದಾಣ ತಿರುಗುತ್ತಿರುವುದರಿಂದ ಧಾರೆ ನೆಟ್ಟಗೆ ಬೀಳದೆ ಬಾಗಿ ಬೀಳುತ್ತದೆ. ಯಾರೂ ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಆ ಒಂದು ಗ್ಲಾಸಿಗೋಸ್ಕರ ನಾನು ಎಷ್ಟು ಸೀಸನ್ ಬೇಕಾದರೂ ನೋಡುತ್ತೇನೆ. ಅದನ್ನೂ 2018ರಲ್ಲಿ ಮೂರು ಸೀಸನ್ನಿಗೆ ನಿಲ್ಲಿಸಿದ್ದರು. ಅಭಿಮಾನಿಗಳು ದುಡ್ಡು ಹಾಕಿ ವಿಮಾನಕ್ಕೆ ಬ್ಯಾನರ್ ಕಟ್ಟಿ ಹಾರಿಸಿದರು. ಬೇರೆಯವರು ಕೈ ಹಿಡಿದು ಇನ್ನೂ ಮೂರು ಸೀಸನ್ ಮಾಡಿದರು. ಆದರೂ ಈ ಸೀರೀಸ್‌ಗೆ ಮೂಲವಾದ ಒಂಬತ್ತು ಕಾದಂಬರಿಗಳಲ್ಲಿ ಕೊನೆಯ ಮೂರರ ಕಥೆ ಪರದೆಗೆ ಬರಲೇ ಇಲ್ಲ. ಪ್ರತಿ ಸಲ ಕಥೆ ಉಳಿಸಲು ನಾವೇ ಬೀದಿಗಿಳಿಯಬೇಕಾ?

ಇಂಥದ್ದಕ್ಕೆ ಖರ್ಚು ಜಾಸ್ತಿ, ಒಪ್ಪುತ್ತೇನೆ. ದುಡ್ಡು ಬರದಿದ್ದರೆ ನಿಲ್ಲಿಸಿ. ಆದರೆ ನಿಲ್ಲಿಸುವ ಮುಂಚೆ ಮುಗಿಸಲು ಒಂದೇ ಒಂದು ಎಪಿಸೋಡ್ ಕೊಡಿ. ಅದೂ ಆಗದಿದ್ದರೆ ಮುಂದಿನ ಕಥೆ ಏನಿತ್ತು ಅಂತ ಬರೆದವರ ಕೈಯಲ್ಲಿ ಹೇಳಿಸಿ. ಎರಡು ಪುಟ ಸಾಕು. ಬಾಗಿಲ ಹಿಂದೆ ಯಾರಿದ್ದರು ಅಂತ ಹೇಳಿ, ಅಷ್ಟೇ ನಾನು ಕೇಳುತ್ತಿರುವುದು.